ಪಾಠದಲ್ಲಿ ಮನಸ್ಸು ನಿಲ್ಲದ ಮಗು: ಗದರುವ ಮೊದಲು ಮಾಡಬೇಕಾದ್ದು

‘ಕೂತಲ್ಲಿ ಕೂರಲ್ಲ, ಹೇಳಿದ್ದು ಕಿವಿಗೆ ಹಾಕಿಕೊಳ್ಳಲ್ಲ’ ಎಂದು ಶಾಲೆಯಿಂದ ದೂರು ಬಂದರೆ ಟೀಚರಿಗೆ ಮೂರು ಪ್ರಶ್ನೆ ಕೇಳಿ. ಯಾವ ಪೀರಿಯಡ್‌ನಲ್ಲಿ? ಯಾವ ಕೆಲಸ ಕೊಟ್ಟಾಗ? ಶುರು ಮಾಡಿದ ಎಷ್ಟು ಹೊತ್ತಿಗೆ? ಮನೆಯಲ್ಲೂ ಇದನ್ನೇ ಗಮನಿಸಿ, ಒಂದು ವಾರ ಬರೆದಿಡಿ.

ಬರೆದದ್ದರಲ್ಲೇ ಸುಳಿವು ಸಿಗುತ್ತದೆ. ಬೋರ್ಡ್ ನೋಡಿ ಬರೆಯುವಾಗ ಮಾತ್ರ ತಡವರಿಸುವ ಮಗುವಿನ ಕಣ್ಣು ಪರೀಕ್ಷಿಸಿ. ಶೀತವಾದ ಮೇಲೆ ಕರೆದರೂ ತಿರುಗದಿದ್ದರೆ ಕಿವಿ ತೋರಿಸಿ. ಕಿವಿಯೊಳಗೆ ನೀರು ನಿಂತು ಕೆಲವು ವಾರ ಸರಿಯಾಗಿ ಕೇಳಿಸದೆ ಇರುವುದುಂಟು. ಓದುವ ಹೊತ್ತಿಗೆ ಮಾತ್ರ ನೀರು, ಟಾಯ್ಲೆಟ್ ಎಂದು ಏಳುವ ಮಗುವಿಗೆ ಅಕ್ಷರಗಳೇ ಕಷ್ಟವಾಗುತ್ತಿರಬಹುದು. ಕೆಲವೇ ಸೆಕೆಂಡ್ ದಿಟ್ಟಿಸುತ್ತಾ ನಿಂತುಬಿಟ್ಟು, ಮುಟ್ಟಿ ಕರೆದರೂ ಎಚ್ಚೆತ್ತುಕೊಳ್ಳದಿದ್ದರೆ ಅದನ್ನು ಹಗಲುಗನಸು ಎಂದು ಬಿಡಬೇಡಿ. ಅದು ಒಂದು ಬಗೆಯ ಮೂರ್ಛೆರೋಗವೂ ಇರಬಹುದು, ವೈದ್ಯರು ನೋಡಲೇಬೇಕು.

ನಿದ್ದೆಯ ಲೆಕ್ಕವನ್ನೂ ಹಾಕಿ. 6ರಿಂದ 12 ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ ಬೇಕು. ನಿದ್ದೆಗೆಟ್ಟ ದೊಡ್ಡವರು ಮಂಕಾಗುತ್ತಾರೆ, ಮಕ್ಕಳು ಎಷ್ಟೋ ಸಲ ಕುಣಿದಾಡುತ್ತಾರೆ. ಹಾಗಾಗಿಯೇ ನಿದ್ದೆಯ ಕೊರತೆ ಯಾರ ಕಣ್ಣಿಗೂ ಬೀಳುವುದಿಲ್ಲ. ಮಲಗುವ ಒಂದು ಗಂಟೆ ಮೊದಲೇ ಮೊಬೈಲ್, ಟಿವಿ ಬಂದ್ ಮಾಡಿ.

ಇನ್ನು ತರಗತಿ. ಟೀಚರಿಗೆ ಹತ್ತಿರದ, ಕಿಟಕಿ-ಬಾಗಿಲಿಗೆ ದೂರದ ಜಾಗ ಕೇಳಿಕೊಳ್ಳಿ. ಆದರೆ ಒಂಟಿಯಾಗಿ ಮೂಲೆಗೆ ಕೂರಿಸುವುದು ಬೇಡ, ಅದು ಶಿಕ್ಷೆಯಾಗಿಬಿಡುತ್ತದೆ. ಆಟದ ಪೀರಿಯಡ್ ಕಸಿದುಕೊಳ್ಳುವುದಂತೂ ತಿರುಗುಬಾಣ: ಓಡಾಡಲೇಬೇಕಾದ ಮಗುವನ್ನು ಕಟ್ಟಿಹಾಕಿದರೆ ಮುಂದಿನ ಪಾಠವೂ ಹಾಳು.

ಹೇಳುವ ರೀತಿ ಬದಲಾಗಲಿ. ‘ಬ್ಯಾಗ್ ತೆಗಿ, ಪುಸ್ತಕ ಇಡು, ತಾರೀಖು ಬರಿ, ಲೆಕ್ಕ ಶುರುಮಾಡು’ ಎಂದು ಒಂದೇ ಉಸಿರಿಗೆ ಹೇಳಿದರೆ ಮೂರನೆಯದು ಬರುವಷ್ಟರಲ್ಲಿ ಮೊದಲನೆಯದು ಮರೆತಿರುತ್ತದೆ. ಹತ್ತಿರ ಹೋಗಿ, ಹೆಸರು ಕರೆದು, ಮುಖ ನೋಡಿದ ಮೇಲೆ ಒಂದೇ ಕೆಲಸ ಹೇಳಿ. ಅದನ್ನು ಮಗುವಿನ ಬಾಯಲ್ಲೇ ಹೇಳಿಸಿ. ಮುಗಿದ ಮೇಲೆ ಮುಂದಿನದು. ಹೋಂವರ್ಕನ್ನೂ 10 ನಿಮಿಷದ ತುಂಡು ಮಾಡಿ, ನಡುವೆ ಐದು ನಿಮಿಷ ಎದ್ದು ಓಡಾಡಲು ಬಿಡಿ. ಆ ಐದು ನಿಮಿಷಕ್ಕೆ ಮೊಬೈಲ್ ಕೊಟ್ಟರೆ ವಾಪಸ್ ಕೂರಿಸುವ ಹೊತ್ತಿಗೆ ನಿಮಗೇ ಸಾಕಾಗುತ್ತದೆ.

ಇವೆಲ್ಲಕ್ಕಿಂತ ಹೆಚ್ಚು ಕೆಲಸಕ್ಕೆ ಬರುವುದು ದಿನದ ಕಾರ್ಡ್. ಚಿಕ್ಕ ಚೀಟಿಯಲ್ಲಿ ಎರಡು ಮೂರು ಗುರಿ ಬರೆಯಿರಿ. ‘ಒಳ್ಳೆಯ ಹುಡುಗನಾಗಿರು’ ಎಂಬುದು ಗುರಿಯಲ್ಲ. ‘ಮಾತಾಡುವ ಮೊದಲು ಕೈ ಎತ್ತಿದ’ ಎಂಬಂತೆ ಎಣಿಸಲು ಬರಬೇಕು. ಪ್ರತಿ ಪೀರಿಯಡ್ ಮುಗಿದಾಗ ಟೀಚರ್ ಗುರುತು ಹಾಕಲಿ, ಸಂಜೆ ಮನೆಯಲ್ಲಿ ಅದಕ್ಕೆ ತಕ್ಕ ಬಹುಮಾನ ಸಿಗಲಿ: ಜೊತೆಗೆ ಆಟ, ಇಲ್ಲವೇ ಮಲಗುವಾಗ ಇನ್ನೊಂದು ಕಥೆ. ಗುರಿ ಎತ್ತರವಾಗಿದ್ದರೆ ಕಾರ್ಡ್ ಮೊದಲ ವಾರದಲ್ಲೇ ಸೋಲಬಹುದು. ಐದರಲ್ಲಿ ನಾಲ್ಕು ಸಲ ಗೆಲ್ಲುವಷ್ಟು ಸುಲಭವಾಗಿ ಶುರುಮಾಡಿ, ಆಮೇಲೆ ನಿಧಾನಕ್ಕೆ ಏರಿಸಿ. ವಾರದ ಕೊನೆಗೆ ಕೊಡುತ್ತೇವೆಂದರೆ ಪುಟ್ಟ ಮಗುವಿಗೆ ಅದು ಬಹಳ ದೂರ. ಗಳಿಸಿದ್ದನ್ನು ಅವತ್ತೇ ಕೊಡಿ, ಕೊಟ್ಟದ್ದನ್ನು ಇನ್ಯಾವುದೋ ತಪ್ಪಿಗೆ ಕಿತ್ತುಕೊಳ್ಳಬೇಡಿ.

ಆರು ತಿಂಗಳಾದರೂ, ಮನೆ-ಶಾಲೆ ಎರಡೂ ಕಡೆ ತೊಂದರೆ ಹಾಗೇ ಇದ್ದರೆ ಎಡಿಎಚ್‌ಡಿ (ಗಮನ ನಿಲ್ಲದಿರುವ, ಅತಿಯಾಗಿ ಚಡಪಡಿಸುವ ತೊಂದರೆ) ಇದೆಯೇ ಎಂದು ಮಕ್ಕಳ ವೈದ್ಯರು ಅಥವಾ ಮಕ್ಕಳ ಮನೋವೈದ್ಯರ ಬಳಿ ತೋರಿಸಿ. ಇದನ್ನು ಹೇಳುವ ರಕ್ತಪರೀಕ್ಷೆಯಾಗಲಿ ಸ್ಕ್ಯಾನ್ ಆಗಲಿ ಇಲ್ಲ. ನೀವು ಬರೆದಿಟ್ಟ ಟಿಪ್ಪಣಿ, ಟೀಚರ್ ಹಾಕಿದ ಕಾರ್ಡ್‌ಗಳು ಅಲ್ಲಿ ಕೆಲಸಕ್ಕೆ ಬರುತ್ತವೆ. ತರಗತಿಯಲ್ಲೇ ಚಿಕ್ಕ ವಯಸ್ಸಿನ ಮಗುವಾದರೆ ಅದನ್ನೂ ತಿಳಿಸಿ, ಏಕೆಂದರೆ ವಯಸ್ಸಿನ ಸಹಜ ಚಡಪಡಿಕೆಯೇ ರೋಗದಂತೆ ಕಾಣಬಹುದು. 6 ವರ್ಷದೊಳಗಿನವರಿಗೆ ಸಾಮಾನ್ಯವಾಗಿ ಔಷಧಿಗಿಂತ ಮೊದಲು ಹೆತ್ತವರಿಗೇ ತರಬೇತಿ ಕೊಡುತ್ತಾರೆ.