ಎಲೆಯ ಕೆಲಸ ಮಾಡುವ ಕಾಂಡ: ರಿಬ್ಬನ್ ಬುಷ್ ಸಾಕಿದ ನನ್ನ ಅನುಭವ

ರಿಬ್ಬನ್ ಬುಷ್ ಚಂದವಾಗಿ ಬೆಳೆಯಬೇಕಾದರೆ ಗೊಬ್ಬರಕ್ಕಿಂತ ಕತ್ತರಿ ಮುಖ್ಯ. ಸಸ್ಯಶಾಸ್ತ್ರದ ಪ್ರಾಕ್ಟಿಕಲ್‌ಗೆಂದೇ ಈ ಗಿಡವನ್ನು ವರ್ಷಗಳಿಂದ ಸಾಕಿಕೊಂಡು ಬಂದಿದ್ದೇನೆ. ನನಗೆ ತಿಳಿದಿರುವುದರಲ್ಲಿ ಹೆಚ್ಚಿನದನ್ನು ಕಲಿಸಿದ್ದು ಆ ಕತ್ತರಿಯೇ.

ಇದರ ತವರು ಪೆಸಿಫಿಕ್ ಸಾಗರದ ಸೊಲೊಮನ್ ದ್ವೀಪಗಳ ಸೀಮೆ. ಹಳೆಯ ಪಠ್ಯಗಳಲ್ಲಿ ಇದರ ವೈಜ್ಞಾನಿಕ ಹೆಸರು ಕೊಕೊಲೋಬ ಎಂದಿರುತ್ತದೆ. 1929ರಲ್ಲಿ ಅಮೆರಿಕದ ಸಸ್ಯವಿಜ್ಞಾನಿ ಎಲ್.ಎಚ್. ಬೈಲಿ ಹೊಮಲೊಕ್ಲೇಡಿಯಂ ಎಂದು ಹೆಸರಿಟ್ಟರು, ಈಗ ಮ್ಯುಲೆನ್‌ಬೆಕಿಯ ಕುಲಕ್ಕೆ ಸೇರಿಸುತ್ತಾರೆ. ನಮ್ಮ ಕಾಂಪೌಂಡುಗಳ ಮೇಲೆ ಹಬ್ಬುವ ಗುಲಾಬಿ ಹೂವಿನ ಆಂಟಿಗೋನಾನ್ ಬಳ್ಳಿಯದೂ ಇದೇ ಕುಟುಂಬ.

ಹಸಿರು ಪಟ್ಟಿಯಂತೆ ಚಪ್ಪಟೆಯಾಗಿರುವುದು ಎಲೆಯಲ್ಲ, ಕಾಂಡ. ಆಹಾರ ತಯಾರಿಸುವುದು ಮುಖ್ಯವಾಗಿ ಅದೇ. ಪಟ್ಟಿಗೆ ಅಡ್ಡಲಾಗಿ ಗೆರೆಗಳಿವೆಯಲ್ಲ, ಅವು ಗೆಣ್ಣುಗಳು. ನಿಜವಾದ ಎಲೆ ಎಳೆಯ ಚಿಗುರಿನಲ್ಲಿ ಮಾತ್ರ ಕಾಣಿಸಿಕೊಂಡು ಬೇಗ ಉದುರುತ್ತದೆ.

ಬುಡದ ಹಳೆಯ ಕಾಂಡಗಳು ಕಂದು ಬಣ್ಣಕ್ಕೆ ತಿರುಗಿ, ದುಂಡಗಾಗಿ ಕಟ್ಟಿಗೆಯಂತಾಗುತ್ತವೆ. ಅವನ್ನು ಹಾಗೇ ಬಿಟ್ಟರೆ ಗಿಡ ಮೇಲ್ಗಡೆ ಜೋತುಬಿದ್ದು ಬುಡ ಬರಿದಾಗುತ್ತದೆ. ಹಾಗಾಗಿ ಮಳೆಗಾಲಕ್ಕೆ ಮುಂಚೆ ತೀರಾ ಹಳೆಯವನ್ನು ಮಣ್ಣಿನ ಮಟ್ಟದಲ್ಲೇ ಕತ್ತರಿಸಿ ತೆಗೆಯುತ್ತೇನೆ. ಬುಡದಿಂದ ಹೊಸ ಚಿಗುರು ಗುಂಪಾಗಿ ಏಳುತ್ತದೆ. ಮಕ್ಕಳಿಗೆ ನಿಜವಾದ ಎಲೆ ತೋರಿಸಬೇಕೆಂದರೆ ಆ ದಿನಗಳೇ ಸರಿ. ಎತ್ತರ ತಗ್ಗಿಸುವಾಗ ಕತ್ತರಿ ಬೀಳಬೇಕಾದದ್ದು ಗೆಣ್ಣಿನ ಗೆರೆಯ ಮೇಲೆ. ಎರಡು ಗೆಣ್ಣುಗಳ ನಡುವೆ ಕತ್ತರಿಸಿದರೆ ಗಿಡದಲ್ಲಿ ಉಳಿದ ಪಟ್ಟಿಯ ತುಂಡು ಒಣಗಿ ವಿಕಾರವಾಗಿ ಉಳಿಯುತ್ತದೆ.

ಕತ್ತರಿಸಿದ್ದರಲ್ಲಿ ತುದಿಯ ಮೆತ್ತನೆಯ ಭಾಗ ಬಿಟ್ಟು, ಸ್ವಲ್ಪ ಬಲಿತ ಕಡ್ಡಿಗಳನ್ನು ಕೆಮ್ಮಣ್ಣು, ಮರಳು ಬೆರೆಸಿದ ಪಾಕೆಟ್‌ಗೆ ನೆಡುತ್ತೇನೆ. ಒಂದು ಗೆಣ್ಣಾದರೂ ಮಣ್ಣೊಳಗಿರಬೇಕು. ಬೇರು ಬರುವುದು ಸುಲಭ. ಬೆಳಗಿನ ಬಿಸಿಲು ಸಾಕು, ಕುಂಡದಲ್ಲಿ ನೀರು ನಿಲ್ಲಬಾರದು. ಗೆಣ್ಣುಗಳ ಸಂದಿಯಲ್ಲಿ ಹಿಟ್ಟು ತಿಗಣೆ ಕೂರುತ್ತದೆ; ಒದ್ದೆ ಬಟ್ಟೆಯಿಂದ ಒರೆಸಿ ಬೇವಿನೆಣ್ಣೆ ಸಿಂಪಡಿಸಿದರೆ ಹತೋಟಿಗೆ ಬರುತ್ತದೆ.

ಗೆಣ್ಣಿನಲ್ಲಿ ಬಿಳಿ ಹಸಿರಿನ ಪುಟ್ಟ ಹೂ ಬಿಡುತ್ತದೆ. ಆಮೇಲೆ ಕಾಣುವ ಕೆಂಪು ತಿರುಳು ಹೂವಿನ ಹೊದಿಕೆಯೇ ದಪ್ಪಗಾದದ್ದು, ಕಾಯಿ ಅದರೊಳಗಿದೆ. ಪ್ರಾಕ್ಟಿಕಲ್ ಪರೀಕ್ಷೆಗೆ ಸ್ಪಾಟರ್ (ನೋಡಿ ಗುರುತಿಸಿ ಬರೆಯಬೇಕಾದ ಮಾದರಿ) ಇಡುವಾಗ ಹೂವೋ ಚಿಗುರೆಲೆಯೋ ಇರುವ ತುಂಡನ್ನೇ ಹುಡುಕಿ ಇಡುತ್ತೇನೆ. ಬರೀ ಪಟ್ಟಿ ಇಟ್ಟರೆ ಮಕ್ಕಳು ಬಾಯಿಪಾಠದ ಉತ್ತರ ಬರೆಯುತ್ತಾರೆ. ಗೆಣ್ಣು, ಅದರಲ್ಲಿ ಎಲೆ, ಹೂ ಬರುವುದು ಕಾಂಡದ ಲಕ್ಷಣ; ಗೆಣ್ಣಿನಲ್ಲಿ ಹೂ ಕಂಡರೆ, ಇದು ಕಾಂಡ ಯಾಕೆ ಎಂಬುದಕ್ಕೆ ಕಾರಣವನ್ನೂ ಬರೆಯುತ್ತಾರೆ.