ರೋಸ್‌ಮೇರಿಗೆ ಬಿಸಿಲು ಜಾಸ್ತಿ, ನೀರು ಕಡಿಮೆ

ಅಡುಗೆಗೆ ಬಳಸುವ ಘಮಘಮಿಸುವ ಗಿಡ ರೋಸ್‌ಮೇರಿ ತಂದು, ತುಳಸಿಗೆ ಹಾಕಿದ ಹಾಗೆ ದಿನಾ ನೀರು ಹಾಕಿದರೆ ಗಿಡ ತಿಂಗಳೊಳಗೆ ಕಪ್ಪಗಾಗುತ್ತದೆ. ಇದರ ತವರು ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ಕಲ್ಲುಗುಡ್ಡಗಳು. ಇಟಲಿ, ಸ್ಪೇನ್, ದಕ್ಷಿಣ ಫ್ರಾನ್ಸ್‌ಗಳಲ್ಲಿ, ಬೇಸಿಗೆಯಿಡೀ ಹನಿ ಮಳೆ ಬೀಳದ ಕಡೆಯೂ ತಾನಾಗಿ ಬೆಳೆದು ನೀಲಿ ಹೂ ಬಿಡುತ್ತದೆ, ಜೇನುನೊಣಗಳು ಮುತ್ತಿಕೊಳ್ಳುತ್ತವೆ. ಸೂಜಿಯಂಥ ಎಲೆಯ ಅಂಚು ಒಳಗೆ ಮಡಚಿರುವುದೇ ನೀರು ಉಳಿಸಿಕೊಳ್ಳಲು. ಅಂಥ ಗುಡ್ಡವನ್ನೇ ನಾವು ಕುಂಡದಲ್ಲಿ ಮಾಡಿಕೊಡಬೇಕು, ಅಲ್ವಾ?

ಬೀಜ ಬೇಡ, ಮೊಳಕೆ ಬರುವುದು ತಡ. ಹೂವಿಲ್ಲದ ಎಳೆ ರೆಂಬೆಯನ್ನು 10ರಿಂದ 15 ಸೆಂ.ಮೀ. ಉದ್ದಕ್ಕೆ ಕತ್ತರಿಸಿ, ಕೆಳಗಿನ ಅರ್ಧದ ಎಲೆ ತೆಗೆದು, ಮರಳು ಬೆರೆಸಿದ ಮಣ್ಣಿಗೆ ನೆಟ್ಟು ನೆರಳಲ್ಲಿಡಿ. 4ರಿಂದ 8 ವಾರದಲ್ಲಿ ಬೇರು ಬರುತ್ತದೆ. ಮೆಲ್ಲಗೆ ಎಳೆದಾಗ ಕಡ್ಡಿ ಬಿಗಿಯಾಗಿದ್ದರೆ ಬೇರು ಹಿಡಿದಿದೆ ಎಂದರ್ಥ.

ಆಮೇಲೆ ತೂತಿರುವ ಮಣ್ಣಿನ ಕುಂಡಕ್ಕೆ ಬದಲಿಸಿ. ಪ್ಲಾಸ್ಟಿಕ್‌ನದಕ್ಕಿಂತ ಇದು ಬೇಗ ಒಣಗುತ್ತದೆ, ನಮಗೆ ಬೇಕಿರುವುದೂ ಅದೇ. ಗೊಬ್ಬರ ಸ್ವಲ್ಪ ಸಾಕು. ದಿನಕ್ಕೆ 6 ಗಂಟೆಯಾದರೂ ಬಿಸಿಲು ಬೀಳಲಿ. ಬೆರಳು ಇಳಿಸಿ ನೋಡಿ, ಮಣ್ಣು ಒಣಗಿದ್ದರೆ ಮಾತ್ರ ನೀರು. ನಮ್ಮ ಮಳೆಗಾಲದಲ್ಲಿ ಕುಂಡವನ್ನು ಸಜ್ಜಾದ ಕೆಳಗೆ ಎಳೆದಿಡಿ, ತಟ್ಟೆಯಲ್ಲಿ ನೀರು ನಿಲ್ಲಲು ಬಿಡಬೇಡಿ. ಕತ್ತರಿಸುವಾಗ ಹಸಿರಿರುವಷ್ಟನ್ನೇ ಕತ್ತರಿಸಿ, ಎಲೆಯಿಲ್ಲದ ಹಳೇ ಕಟ್ಟಿಗೆಯಲ್ಲಿ ಸಾಮಾನ್ಯವಾಗಿ ಚಿಗುರು ಬರುವುದಿಲ್ಲ.

ಅಡುಗೆಗೆ ಬಂದರೆ, ಕೊತ್ತಂಬರಿಯ ಹಾಗೆ ಕೊನೆಗೆ ಉದುರಿಸುವ ಸೊಪ್ಪಲ್ಲ ಇದು. ಗಟ್ಟಿ ಎಲೆ, ಖಾರವಾದ ಘಮ, ಬೇಯುವಾಗಲೇ ಜೊತೆಗಿರಬೇಕು. ಇಟಲಿಯವರು ಫೊಕಾಚ್ಚಾ ಬ್ರೆಡ್ಡಿನ ಮೇಲೆ ಉಪ್ಪು, ಆಲಿವ್ ಎಣ್ಣೆಯ ಜೊತೆ ಇದನ್ನು ಹಾಕಿ ಬೇಯಿಸುತ್ತಾರೆ. ಅಲ್ಲಿನ ಟಸ್ಕನಿ ಪ್ರಾಂತ್ಯದಲ್ಲಿ ಚೆಸ್ಟ್‌ನಟ್ ಎಂಬ ಕಾಯಿಯ ಹಿಟ್ಟಿನ ಕೇಕಿನ ಮೇಲೂ ಉದುರಿಸಿ ಬೇಯಿಸುತ್ತಾರೆ! ಶುರು ಮಾಡುವವರಿಗೆ ಆಲೂಗಡ್ಡೆಯೇ ಸುಲಭ: 4 ಆಲೂಗಡ್ಡೆ ಹೆಚ್ಚಿ, 2 ಚಮಚ ಎಣ್ಣೆ, ಉಪ್ಪು, ಜಜ್ಜಿದ ಬೆಳ್ಳುಳ್ಳಿ, ಒಂದು ಕಡ್ಡಿಯ ಎಲೆ ಬೆರೆಸಿ 200 ಡಿಗ್ರಿಯ ಓವನ್‌ನಲ್ಲಿ ಸುಮಾರು 40 ನಿಮಿಷ, ನಡುವೆ ಒಮ್ಮೆ ತಿರುವಿ. ಉಳಿದ ಗಟ್ಟಿ ಕಡ್ಡಿಗೆ ಪನೀರ್ ಚುಚ್ಚಿ ಸುಡಬಹುದು.

ಹಸಿ ಕಡ್ಡಿಯನ್ನು ಎಣ್ಣೆಯಲ್ಲಿ ಮುಳುಗಿಸಿ ಫ್ರಿಜ್‌ನ ಹೊರಗೆ ಇಡಲೇಬೇಡಿ. ಗಾಳಿಯಾಡದ ಎಣ್ಣೆಯೊಳಗೆ ಬಾಟುಲಿಸಂ ಎಂಬ ಅಪಾಯಕಾರಿ ಆಹಾರವಿಷ ತರುವ ಬ್ಯಾಕ್ಟೀರಿಯಾ ಬೆಳೆಯಬಹುದು. ಫ್ರಿಜ್‌ನಲ್ಲಿಟ್ಟು ಮೂರ್ನಾಲ್ಕು ದಿನದಲ್ಲಿ ಮುಗಿಸಿ, ಇಲ್ಲವೇ ಕಡ್ಡಿಗಳನ್ನು ಕಟ್ಟಿ ನೆರಳಲ್ಲಿ ತೂಗುಹಾಕಿ ಒಣಗಿಸಿಕೊಳ್ಳಿ.