ವಿಂಡೋಸ್ 10ರ ನಂತರ ಮನೆಯ ಹಳೆಯ ಕಂಪ್ಯೂಟರಿಗೆ ಮುಂದೇನು?

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಅದಾದ ಮೇಲೂ ಕಂಪ್ಯೂಟರ್ ಎಂದಿನಂತೆ ಚಾಲೂ ಆಗುತ್ತದೆ, ಕಡತಗಳು ತೆರೆಯುತ್ತವೆ, ಪ್ರಿಂಟರ್ ಮುದ್ರಿಸುತ್ತದೆ. ನಿಂತಿರುವುದು ಹೊಸದಾಗಿ ಪತ್ತೆಯಾಗುವ ಭದ್ರತಾ ದೋಷಗಳನ್ನು ಮುಚ್ಚಲು ತಿಂಗಳು ತಿಂಗಳು ಬರುತ್ತಿದ್ದ ಅಪ್‌ಡೇಟ್ ಮಾತ್ರ. ಆದ್ದರಿಂದ ಅಪಾಯ ಕಣ್ಣಿಗೆ ಬೀಳುವುದಿಲ್ಲ. ಆದರೆ ಅದೇ ಯಂತ್ರದಲ್ಲಿ ಬ್ಯಾಂಕ್ ವ್ಯವಹಾರವೂ ಜಿಎಸ್‌ಟಿ ರಿಟರ್ನ್ ಸಲ್ಲಿಕೆಯೂ ನಡೆಯುತ್ತಿದ್ದರೆ ನಿರ್ಧಾರವನ್ನು ಮುಂದೂಡುವುದು ಒಳ್ಳೆಯದಲ್ಲ.

ಕಂಪ್ಯೂಟರನ್ನು ಅಂಗಡಿಗೆ ಒಯ್ಯುವ ಮೊದಲು, ಮನೆಯಲ್ಲಿ ಯಾರು ಅದರಿಂದ ಯಾವ ಕೆಲಸ ಮಾಡುತ್ತಾರೆ ಎಂಬುದನ್ನು ಬರೆದಿಟ್ಟುಕೊಳ್ಳಿ. ಯಾವ ಆಪರೇಟಿಂಗ್ ಸಿಸ್ಟಂ ಬೇಕು ಎಂಬ ಪ್ರಶ್ನೆಗೆ ಅರ್ಧ ಉತ್ತರ ಅಲ್ಲಿಯೇ ಸಿಗುತ್ತದೆ. ಇಳಕಲ್ಲಿನ ಸೀರೆ ವ್ಯಾಪಾರಿಯಾಗಲಿ, ವಿಜಯಪುರದ ಒಣದ್ರಾಕ್ಷಿ ವರ್ತಕರಾಗಲಿ ರಾತ್ರಿ ಮನೆಯಲ್ಲಿ ಕುಳಿತು ಟ್ಯಾಲಿಯಲ್ಲಿ ಲೆಕ್ಕ ಬರೆಯುವವರಾದರೆ ವಿಂಡೋಸ್ ಬಿಡುವ ಮಾತಿಲ್ಲ. ಟ್ಯಾಲಿ ವಿಂಡೋಸ್‌ಗಾಗಿ ರೂಪಿಸಿದ ತಂತ್ರಾಂಶ, ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್‌ಗಳೂ ಅದರಲ್ಲಿಯೇ ಸಲೀಸು. ನುಡಿ ತಂತ್ರಾಂಶದಲ್ಲಿ ಅರ್ಜಿ, ಕರಾರುಪತ್ರ ಟೈಪ್ ಮಾಡುವವರಿಗೂ ಇದೇ ಮಾತು ಅನ್ವಯಿಸುತ್ತದೆ. ಬ್ರೌಸರ್, ಇ-ಮೇಲ್, ವಿಡಿಯೊ, ಆಗೊಮ್ಮೆ ಈಗೊಮ್ಮೆ ಒಂದು ಪತ್ರ ಇಷ್ಟೇ ಬಳಕೆಯಿರುವ ಮನೆಗೆ ಮಾತ್ರ ವಿಂಡೋಸ್ ಬದಲಿಗೆ ಬಳಸಬಹುದಾದ ಉಚಿತ ಆಪರೇಟಿಂಗ್ ಸಿಸ್ಟಂ ಲಿನಕ್ಸ್ ಧಾರಾಳವಾಗಿ ಸಾಕು. ಬೆಳಗಾವಿಯ ವಿಟಿಯು ವ್ಯಾಪ್ತಿಯ ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಓದುವ ಮಕ್ಕಳಿದ್ದರಂತೂ ಅದು ಓದಿಗೂ ನೆರವಾಗುತ್ತದೆ.

ಯಂತ್ರಕ್ಕೆ ವಿಂಡೋಸ್ 11 ಒಗ್ಗುತ್ತದೆಯೇ?

ವಿಂಡೋಸ್ 11ಕ್ಕೆ 64 ಬಿಟ್ ಪ್ರೊಸೆಸರ್, ಕನಿಷ್ಠ 4 ಜಿಬಿ ರ‍್ಯಾಮ್, 64 ಜಿಬಿ ಸಂಗ್ರಹ, ಸೆಕ್ಯೂರ್ ಬೂಟ್ ಎಂಬ ಭದ್ರತಾ ಸೌಲಭ್ಯವಿರುವ ಯುಇಎಫ್‌ಐ (ಯಂತ್ರವನ್ನು ಚಾಲೂ ಮಾಡುವ ಒಳಗಿನ ತಂತ್ರಾಂಶ) ಮತ್ತು ಟಿಪಿಎಂ 2.0 ಎಂಬ ಭದ್ರತಾ ಘಟಕ ಬೇಕು. 4 ಜಿಬಿ ಎಂಬುದು ಕಾಗದದ ಮೇಲಿನ ಲೆಕ್ಕ. ನೆಮ್ಮದಿಯಿಂದ ಕೆಲಸ ಸಾಗಲು 8 ಜಿಬಿ ಇರಬೇಕು. ಹಳೆಯ ಯಂತ್ರಗಳು ಹೆಚ್ಚಾಗಿ ಎಡವುವುದು ಪ್ರೊಸೆಸರ್ ವಿಷಯದಲ್ಲಿ. ಇಂಟೆಲ್ ಆದರೆ ಸಾಮಾನ್ಯವಾಗಿ 8ನೇ ತಲೆಮಾರು ಅಥವಾ ಅದರ ನಂತರದ್ದು, ಎಎಂಡಿ ಆದರೆ ಹೆಚ್ಚುಕಡಿಮೆ ರೈಜನ್ 2000 ಸರಣಿಯಿಂದ ಈಚಿನದ್ದು ಇರಬೇಕು. ಇಂಟೆಲ್ ಪ್ರೊಸೆಸರಿನ ಹೆಸರಿನಲ್ಲಿ ಐ5-7200 ಎಂದಿದ್ದರೆ ಅದು 7ನೇ ತಲೆಮಾರು, ಐ5-8250 ಎಂದಿದ್ದರೆ 8ನೆಯದು, ಐ5-10210 ಎಂದಿದ್ದರೆ 10ನೆಯದು. ಇಷ್ಟೆಲ್ಲ ಬಿಡಿಸಿ ನೋಡುವ ತಾಳ್ಮೆ ಇಲ್ಲದವರು ಮೈಕ್ರೋಸಾಫ್ಟ್‌ನ ಉಚಿತ ಪಿಸಿ ಹೆಲ್ತ್ ಚೆಕ್ ಆ್ಯಪ್ ಹಾಕಿಕೊಂಡರೆ ಅದೇ ಪರೀಕ್ಷಿಸಿ ಹೇಳುತ್ತದೆ.

ಟಿಪಿಎಂ ಇಲ್ಲ ಎಂಬ ಉತ್ತರ ಬಂದ ಮಾತ್ರಕ್ಕೆ ಕೈಚೆಲ್ಲಬೇಕಿಲ್ಲ. ಅದು ಯಂತ್ರದೊಳಗೆ ಇದ್ದೂ ಬಯೋಸ್‌ನಲ್ಲಿ, ಅಂದರೆ ಯಂತ್ರದ ಆರಂಭಿಕ ಸೆಟ್ಟಿಂಗ್ ಪುಟದಲ್ಲಿ, ಆಫ್ ಆಗಿರಬಹುದು. ಇಂಟೆಲ್ ಬೋರ್ಡ್‌ಗಳಲ್ಲಿ ಪಿಟಿಟಿ ಎಂದೂ ಎಎಂಡಿ ಬೋರ್ಡ್‌ಗಳಲ್ಲಿ ಎಫ್‌ಟಿಪಿಎಂ ಎಂದೂ ಇರುವ ಆಯ್ಕೆಯನ್ನು ಆನ್ ಮಾಡಬೇಕಾಗುತ್ತದೆ. ಆದರೆ ಬಯೋಸ್‌ಗೆ ಕೈಹಾಕುವ ಮುನ್ನ ಡಿಸ್ಕ್‌ಗೆ ಬಿಟ್‌ಲಾಕರ್ ಬೀಗ ಬಿದ್ದಿದೆಯೇ ನೋಡಿ, ಬಿದ್ದಿದ್ದರೆ 48 ಅಂಕಿಗಳ ರಿಕವರಿ ಕೀಯನ್ನು ಬರೆದಿಟ್ಟುಕೊಳ್ಳಿ. ಬಯೋಸ್ ಲೆಗಸಿ ಎಂಬ ಹಳೆಯ ಕ್ರಮದಲ್ಲಿದ್ದರೆ ಅದನ್ನು ಏಕಾಏಕಿ ಯುಇಎಫ್‌ಐಗೆ ಬದಲಿಸಬೇಡಿ; ಡಿಸ್ಕಿನ ವಿಭಾಗಗಳನ್ನು ಮೊದಲು ಜಿಪಿಟಿ ಎಂಬ ಹೊಸ ವಿಂಗಡಣೆಯ ಮಾದರಿಗೆ ಪರಿವರ್ತಿಸದಿದ್ದರೆ ವಿಂಡೋಸ್ ಏಳುವುದೇ ಇಲ್ಲ. ಈ ಭಾಗವನ್ನು ತಿಳಿದವರಿಗೆ ಒಪ್ಪಿಸುವುದು ಮೇಲು.

ಅರ್ಹತೆ ಇಲ್ಲದ ಯಂತ್ರಕ್ಕೂ ತಪಾಸಣೆಯನ್ನು ತಪ್ಪಿಸಿ ವಿಂಡೋಸ್ 11 ಹಾಕಿಕೊಡುವವರಿದ್ದಾರೆ. ಅದು ನಡೆಯುತ್ತದೆ, ನಿಜ. ಆದರೆ ಅಂಥ ಯಂತ್ರಕ್ಕೆ ಅಪ್‌ಡೇಟ್ ಬರುವ ಖಾತರಿಯನ್ನು ಮೈಕ್ರೋಸಾಫ್ಟ್ ಕೊಡುವುದಿಲ್ಲ. ಅಪ್‌ಡೇಟ್‌ಗಾಗಿಯೇ ಇಷ್ಟು ಓಡಾಡುತ್ತಿರುವಾಗ ಇದು ನನಗೆ ಅರ್ಥವಿಲ್ಲದ ಖರ್ಚಾಗಿ ಕಾಣುತ್ತದೆ.

ಬ್ಯಾಕಪ್ ಆಗದೆ ಮುಂದಿನ ಹೆಜ್ಜೆ ಬೇಡ

ಡೆಸ್ಕ್‌ಟಾಪ್ ಮತ್ತು ಡಾಕ್ಯುಮೆಂಟ್ಸ್ ಫೋಲ್ಡರ್‌ಗಳನ್ನು ನಕಲು ಮಾಡಿಕೊಂಡು ಅಷ್ಟಕ್ಕೇ ಬಿಡುವವರೇ ಹೆಚ್ಚು. ಟ್ಯಾಲಿಯ ಡೇಟಾ ಫೋಲ್ಡರ್, ಬ್ರೌಸರ್‌ನಲ್ಲಿ ಉಳಿಸಿದ ಪಾಸ್‌ವರ್ಡ್‌ಗಳು, ಕನ್ನಡದ ಹಳೆಯ ಫಾಂಟ್‌ಗಳು, ಫೋನಿನಿಂದ ಇಳಿಸಿಟ್ಟ ಮದುವೆ-ಮುಂಜಿಯ ಫೋಟೊಗಳು ಎಲ್ಲಿವೆ ಎಂಬುದನ್ನು ಒಂದೊಂದಾಗಿ ಹುಡುಕಿ ಹೊರಗಿನ ಹಾರ್ಡ್ ಡಿಸ್ಕ್‌ಗೆ ಹಾಕಿ. ನಂತರ ಬೇರೊಂದು ಕಂಪ್ಯೂಟರಿನಲ್ಲಿ ಕೆಲವು ಕಡತಗಳನ್ನು ತೆರೆದು ನೋಡಿ. ತೆರೆಯದ ಬ್ಯಾಕಪ್ ಇದ್ದೂ ಇಲ್ಲದಂತೆ.

ಯಂತ್ರ ಅರ್ಹವಾಗಿದ್ದು, ಅದರಲ್ಲಿರುವ ವಿಂಡೋಸ್ 10 ಅಸಲಿ ಪರವಾನಗಿಯದ್ದಾಗಿದ್ದರೆ 11ಕ್ಕೆ ಏರಲು ಹಣ ಕೊಡಬೇಕಿಲ್ಲ. ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್ ಪುಟದಲ್ಲಿಯೇ ಆಹ್ವಾನ ಕಾಣುತ್ತದೆ. ಕಾಣದಿದ್ದರೆ ಮೈಕ್ರೋಸಾಫ್ಟ್ ತಾಣದಿಂದ ಇನ್‌ಸ್ಟಾಲೇಶನ್ ಅಸಿಸ್ಟೆಂಟ್ ಇಳಿಸಿಕೊಳ್ಳಬಹುದು. ಹಲವು ಜಿಬಿ ಡೌನ್‌ಲೋಡ್ ಇರುವುದರಿಂದ ಮೊಬೈಲ್ ಹಾಟ್‌ಸ್ಪಾಟ್ ನಂಬಿ ಕೂರಬೇಡಿ. ನಡುವೆ ಕರೆಂಟ್ ಹೋದರೆ ಸಿಸ್ಟಂ ಕೆಡುವ ಸಂಭವವಿದೆ. ಡೆಸ್ಕ್‌ಟಾಪ್ ಆದರೆ ಯುಪಿಎಸ್ ಇರಲಿ, ಲ್ಯಾಪ್‌ಟಾಪ್ ಆದರೆ ಬ್ಯಾಟರಿ ತುಂಬಿರಲಿ, ಮಳೆ-ಗಾಳಿಯ ಸಂಜೆಯನ್ನು ಬಿಟ್ಟು ಬೆಳಗಿನ ಹೊತ್ತು ಆರಿಸಿಕೊಳ್ಳಿ. ಏರಿದ ಮೇಲೆ ಹಿಡಿಸದಿದ್ದರೆ 10 ದಿನಗಳೊಳಗೆ ರಿಕವರಿ ಪುಟದಿಂದ ಹಿಂದಿನ ಆವೃತ್ತಿಗೆ ಮರಳಬಹುದು.

ಯಂತ್ರ ಅರ್ಹವಲ್ಲ, ಟ್ಯಾಲಿಯನ್ನೂ ಬಿಡುವಂತಿಲ್ಲ ಎಂಬ ಇಕ್ಕಟ್ಟಿನವರಿಗೆ ಮೈಕ್ರೋಸಾಫ್ಟ್ ಘೋಷಿಸಿದ ವಿಸ್ತರಿತ ಭದ್ರತಾ ಅಪ್‌ಡೇಟ್ ಯೋಜನೆ ಇದೆ. ಮನೆಬಳಕೆಯ ವಿಂಡೋಸ್ 10ಕ್ಕೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಅಪ್‌ಡೇಟ್ ಕೊಡುವುದಾಗಿ ಅದು ಪ್ರಕಟಿಸಿದ್ದು, ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿ ಸೆಟ್ಟಿಂಗ್‌ಗಳನ್ನು ಸಿಂಕ್ ಮಾಡಿಕೊಂಡರೆ ಹಣವಿಲ್ಲದೆಯೇ ಸೇರಬಹುದು. ಹೊಸ ಯಂತ್ರಕ್ಕೆ ದುಡ್ಡು ಹೊಂದಿಸಿಕೊಳ್ಳಲು ಸಿಗುವ ಬಿಡುವು ಎಂದಷ್ಟೇ ಇದನ್ನು ತಿಳಿಯಬೇಕು.

ಲಿನಕ್ಸ್ ಆರಿಸಿಕೊಳ್ಳುವವರಿಗೆ

ವಿಂಡೋಸ್ ಬಳಸಿ ಕೈಪಳಗಿದವರಿಗೆ ಲಿನಕ್ಸ್‌ನ ಹಲವು ಬಗೆಗಳಲ್ಲಿ ಲಿನಕ್ಸ್ ಮಿಂಟ್ ಹತ್ತಿರದ್ದು. ಅದಕ್ಕೆ 2 ಜಿಬಿ ರ‍್ಯಾಮ್ ಸಾಕು ಎನ್ನಲಾಗಿದ್ದರೂ 4 ಜಿಬಿ ಇದ್ದರೆ ಆರಾಮ; ತೀರ ಹಳೆಯ ಯಂತ್ರಕ್ಕೆ ಅದರ ಎಕ್ಸ್‌ಎಫ್‌ಸಿಇ ಆವೃತ್ತಿ ಹಗುರ. ಸುಮಾರು 3 ಜಿಬಿಯ ಕಡತವನ್ನು ಮಿಂಟ್‌ನ ಅಧಿಕೃತ ತಾಣದಿಂದಲೇ ಇಳಿಸಿ, 8 ಜಿಬಿಯ ಪೆನ್‌ಡ್ರೈವ್‌ಗೆ ರೂಫಸ್ ಅಥವಾ ಎಚರ್ ತಂತ್ರಾಂಶದಿಂದ ಬರೆಯಬೇಕು. ಪೆನ್‌ಡ್ರೈವ್‌ನಲ್ಲಿದ್ದುದೆಲ್ಲ ಅಳಿಸಿಹೋಗುತ್ತದೆ. ಆ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿದರೆ ಡಿಸ್ಕನ್ನು ಮುಟ್ಟದೆಯೇ ಮಿಂಟ್ ಚಾಲೂ ಆಗುತ್ತದೆ. ವೈಫೈ, ಧ್ವನಿ, ಪ್ರಿಂಟರ್ ಮೂರನ್ನೂ ಅಲ್ಲಿಯೇ ಪರೀಕ್ಷಿಸಿ, ತೃಪ್ತಿಯಾದ ಮೇಲಷ್ಟೇ ಇನ್‌ಸ್ಟಾಲ್ ಒತ್ತಿ. ಎಚ್‌ಪಿಯ ಬಹಳಷ್ಟು ಪ್ರಿಂಟರ್‌ಗಳು ತಕರಾರಿಲ್ಲದೆ ಹೊಂದಿಕೊಳ್ಳುತ್ತವೆ. ನಮ್ಮ ಕಡೆ ಊರೂರಲ್ಲಿ ಕಾಣುವ ಕ್ಯಾನನ್ ಎಲ್‌ಬಿಪಿ 2900 ಮಾತ್ರ ಲಿನಕ್ಸ್‌ನಲ್ಲಿ ಸತಾಯಿಸುವ ಪ್ರಿಂಟರ್.

ಯಾವುದನ್ನು ಆರಿಸಿಕೊಂಡರೂ ಯಂತ್ರದಲ್ಲಿ ಹಳೆಯ ಹಾರ್ಡ್ ಡಿಸ್ಕ್ ಇದ್ದರೆ ಅದನ್ನು ತೆಗೆದು 256 ಜಿಬಿಯ ಎಸ್‌ಎಸ್‌ಡಿ (ತಿರುಗುವ ಭಾಗಗಳಿಲ್ಲದ ವೇಗದ ಡಿಸ್ಕ್) ಹಾಕಿಸಿ. ನಿಧಾನವಾಯಿತು ಎಂದು ಮೂಲೆಗೆ ಸೇರಿದ ಎಷ್ಟೋ ಕಂಪ್ಯೂಟರ್‌ಗಳಲ್ಲಿ ದೋಷವಿರುವುದು ಡಿಸ್ಕಿನಲ್ಲಿ.

ಕೊನೆಯದಾಗಿ ಕನ್ನಡ. ವಿಂಡೋಸ್ 11ರಲ್ಲಿ ಕನ್ನಡ ಕೀಬೋರ್ಡ್ ಒಳಗೇ ಇದೆ, ಭಾಷೆಯ ಸೆಟ್ಟಿಂಗ್‌ನಲ್ಲಿ ಸೇರಿಸಿಕೊಂಡರಾಯಿತು; ಮಿಂಟ್‌ನಲ್ಲಿ ಐಬಸ್ ಎಂಬ ಟೈಪಿಂಗ್ ಸಾಧನದ ಮೂಲಕ ನುಡಿಯವರಿಗೆ ಪರಿಚಿತವಾದ ಕಗಪ ವಿನ್ಯಾಸವೂ ದೊರೆಯುತ್ತದೆ. ಎಲ್ಲ ಯಂತ್ರಗಳಲ್ಲೂ ಓದಬಲ್ಲ ಅಕ್ಷರ ಸಂಕೇತವಾದ ಯೂನಿಕೋಡ್‌ಗೆ ಮುಂಚಿನ ನುಡಿ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಕಡತಗಳು ಆ ಫಾಂಟ್ ಇಲ್ಲದ ಕಡೆ ಅರ್ಥವಾಗದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. ಅಂಥವನ್ನು ಹಳೆಯ ಸಿಸ್ಟಂ ಇರುವಾಗಲೇ ಪರಿವರ್ತಕದಿಂದ ಯೂನಿಕೋಡ್‌ಗೆ ತಂದು, ಒತ್ತಕ್ಷರಗಳು ಸರಿಯಾಗಿ ಬಂದಿವೆಯೇ ಎಂದು ಓದಿ ನೋಡಿ. ಬ್ಯಾಕಪ್ ಡಿಸ್ಕನ್ನು ಕನಿಷ್ಠ ಒಂದು ತಿಂಗಳು ಅಳಿಸಬೇಡಿ, ಏಕೆಂದರೆ ಬಿಟ್ಟುಹೋದ ಕಡತದ ನೆನಪಾಗುವುದು ಸಾಮಾನ್ಯವಾಗಿ ಮುಂದಿನ ಜಿಎಸ್‌ಟಿ ಗಡುವು ಹತ್ತಿರ ಬಂದಾಗ.